ಬೀಗದ ಮುಂದೆ ನಮ್ಮತ್ತೆಯ ವಸ್ತುಪ್ರದರ್ಶನ

ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ, ಪರರ ವಶದಲ್ಲಿದ್ದ ಒಂದು ದೇಶವನ್ನು ಒಬ್ಬರೇ ಬಿಡಿಸಿದವರು. ನಗಬೇಡಿ! ಅವರ ಸೈನ್ಯದಲ್ಲಿ ಇದ್ದದ್ದು ಒಂದಷ್ಟು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಒಂದು ಪಾತ್ರೆ ಮೈದಾ ಗೋಂದು. ದೇಶದ ವಿಸ್ತೀರ್ಣ ಹೆಚ್ಚೆಂದರೆ ನಮ್ಮ ಅಡುಗೆಮನೆಯಷ್ಟು. ಅದು ನಮ್ಮೂರ ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯ. ಊರು ಚನ್ನಗಿರಿ ತಾಲೂಕಿನಲ್ಲಿದೆ, ಅಷ್ಟು ಸಾಕು. ಹೆಸರು ಹೇಳಿದರೆ ಈ ಪ್ರಬಂಧದ ಮೇಲೂ ಯಾರಾದರೂ ಫ್ಲೆಕ್ಸ್ ಕಟ್ಟಿಬಿಡುತ್ತಾರೆ.

ಶೌಚಾಲಯ ಕಟ್ಟಿದ್ದೇನೋ ನಿಜ. ರಿಬ್ಬನ್ ಕತ್ತರಿಸಿದ್ದೂ ನಿಜ. ಫೋಟೋ ತೆಗೆದಾದ ಮೇಲೆ ಬಾಗಿಲಿಗೆ ಬೀಗ ಬಿತ್ತು. ಒಳಗೆ ನಮ್ಮೂರ ಪುಢಾರಿಯ ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನದ ಗಳ, ಹಳೇ ಫ್ಲೆಕ್ಸಿನ ಚೌಕಟ್ಟು ವಾಸಕ್ಕೆ ಬಂದವು. ಪುಢಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ, ಆದರೆ ಊರೆಲ್ಲ ಕರೆಯುವುದು 'ಅಣ್ಣ' ಎಂದೇ. ಬೀಗದ ಕೈ ಎಲ್ಲಿ ಎಂದು ಪಂಚಾಯ್ತಿಯಲ್ಲಿ ಕೇಳಿದರೆ ಅಣ್ಣನ ಹುಡುಗರ ಹತ್ತಿರ ಅನ್ನುವರು, ಹುಡುಗರನ್ನು ಕೇಳಿದರೆ ಪಂಚಾಯ್ತಿಯಲ್ಲಿ ಅನ್ನುವರು. ಗಂಡಸರಿಗೇನು, ಊರ ತುಂಬ ಗೋಡೆಗಳಿವೆ!

ಅತ್ತೆ ನಲ್ಲೂರು ಕಡೆಯ ಒಂದು ಶಾಲೆಗೆ ಬಸ್ಸಿನಲ್ಲಿ ಓಡಾಡಿ ಟೀಚರ್ ಆಗಿ ದುಡಿದು ನಿವೃತ್ತರಾದವರು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದರು. ಅವರದೊಂದು ವಿಚಿತ್ರವೆಂದರೆ ಮನೆಯಿಂದ ಹೊರಟರೆ ನೀರು ಮುಟ್ಟುತ್ತಿರಲಿಲ್ಲ. ಮದುವೆಮನೆಯಲ್ಲಿ ಹೋಳಿಗೆ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂದರೂ ಬಾಯಿಗೆ ನೀರು ಬೀಳದು! ಏನೋ ವ್ರತ ಇರಬೇಕು ಎಂದು ನೆಂಟರು ಕೈಮುಗಿಯುತ್ತಿದ್ದರು. ವ್ರತವೂ ಇಲ್ಲ, ಮಣ್ಣೂ ಇಲ್ಲ. ಕುಡಿದರೆ ಹೋಗುವುದೆಲ್ಲಿಗೆ?

ಒಂದು ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿ ತಂದಿದ್ದೆ. ಅತ್ತೆ ಬಜ್ಜಿ ಬಿಟ್ಟು, ಕಟ್ಟಿದ್ದ ಕಾಗದ ಓದಿದರು. ಯಾವುದೋ ಹಳೇ ಯುದ್ಧ, ಯಾರೋ ಗೆದ್ದರು, ಯಾರೋ ಸೋತರು. ಗೆದ್ದವರು ಸೋತ ದೇಶದಲ್ಲಿ ಠಾಣೆ ಹೂಡಿ, ಊರೂರಲ್ಲಿ ಪೋಸ್ಟರ್ ಹಚ್ಚಿ, ವಸ್ತುಪ್ರದರ್ಶನ ಇಟ್ಟು, ವೋಟು ಹಾಕುವುದು ಹೇಗೆ, ಅಧಿಕಾರಿಯನ್ನು ಪ್ರಶ್ನೆ ಕೇಳುವುದು ಹೇಗೆ ಎಂದು ಜನಕ್ಕೆ ಕಲಿಸಿದರಂತೆ. ಯಾವ ದೇಶ ಎಂಬ ಸಾಲು ಎಣ್ಣೆಯಲ್ಲಿ ಮುಳುಗಿಹೋಗಿತ್ತು.

"ನೋಡೋ, ಗೆದ್ದೋರು ಪೋಸ್ಟರ್ ಹಚ್ಚಿ ಕಲಿಸಿದ್ರಂತೆ. ನಮ್ಮನ್ನ ಗೆದ್ದೋರು ಬರೀ ಹುಟ್ಟಿದಬ್ಬದ ಫ್ಲೆಕ್ಸ್ ಹಾಕಿಸ್ಕಂತಾರೆ" ಎಂದರು.

"ನಮ್ಮನ್ನ ಯಾರು ಗೆದ್ದಾರೆ ಅತ್ತೆ? ನಾವು ಸ್ವತಂತ್ರರು."

"ಹೌದೇನು? ಹಂಗಾರೆ ಬಸ್ ಸ್ಟ್ಯಾಂಡಿನಾಗೆ ಆ ಬೀಗ ಯಾರ್ದು?"

ನಾನು ಇನ್ನೊಂದು ಬಜ್ಜಿ ಬಾಯಿಗೆ ಹಾಕಿಕೊಂಡೆ.

ಮಾರನೆಯ ದಿನವೇ ಶುರು. ಶಾಲೆಯಲ್ಲಿ ಚಾರ್ಟ್ ಬರೆದು ಪಳಗಿದ ಕೈ. ದುಂಡಗಿನ ಅಕ್ಷರದಲ್ಲಿ 'ಪ್ರಜೆಗಳ ಹಕ್ಕುಗಳು' ಎಂದು ಬರೆದು ಬಸ್ ಸ್ಟ್ಯಾಂಡಿನ ಗೋಡೆಗೆ ಹಚ್ಚಿದರು. ಮೈದಾ ಗೋಂದಿನ ರುಚಿ ಬಲ್ಲ ಮೇಕೆಯೊಂದು ಅದನ್ನು ಕೆಳಗಿನಿಂದ ತಿನ್ನುತ್ತಾ ಬಂತು. 'ಪ್ರಶ್ನಿಸುವ ಹಕ್ಕ'ನ್ನು ನುಂಗಿದ ಮೇಲೂ ಆ ಮೇಕೆ ಯಾರನ್ನೂ ಏನನ್ನೂ ಕೇಳಲಿಲ್ಲ, ನಮ್ಮೂರದೇ ತಾನೆ! ಉಳಿದ ಹಕ್ಕುಗಳ ಮೇಲೆ ಅಣ್ಣನ ಫ್ಲೆಕ್ಸ್ ಬಿತ್ತು. ಅಣ್ಣ ಅದರಲ್ಲಿ ಕೈಮುಗಿದು ನಗುತ್ತಿದ್ದ.

ಅತ್ತೆ ಸೋಲಲಿಲ್ಲ, ಪ್ರದರ್ಶನಕ್ಕೆ ಇಳಿದರು. ಬೀಗದ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಎರಡು ಬಾಟಲಿ. ಖಾಲಿ ಬಾಟಲಿಗೆ ಚೀಟಿ: 'ಗಂಡಸಿನದು. ದಾರಿಯಲ್ಲಿ ಕುಡಿದದ್ದು.' ತುಂಬಿದ ಬಾಟಲಿಗೆ ಚೀಟಿ: 'ಹೆಂಗಸಿನದು. ಬೆಳಿಗ್ಗೆ ತುಂಬಿದ್ದು, ಸಂಜೆ ಹಾಗೇ ಮನೆಗೆ ಹೋಗುವುದು.' ಅದನ್ನು ನೋಡಿದ ಹೆಂಗಸರು ಯಾರೂ ನಗಲಿಲ್ಲ. ಒಬ್ಬ ಮಹಾಶಯರು ಬಂದರು, ಎರಡೂ ಚೀಟಿ ಗಟ್ಟಿಯಾಗಿ ಓದಿದರು, ತಲೆದೂಗಿದರು. "ಭಾಳ ಚೆನ್ನಾಗಿ ಬರ್ದೀರ ಟೀಚರಮ್ಮ" ಎಂದು ಹೆಂಗಸಿನ ಬಾಟಲಿ ಎತ್ತಿ ಪೂರ್ತಿ ಕುಡಿದು ಬಸ್ಸು ಹತ್ತಿದರು! ಇಂಥವರಿಗೆ ಯಾವ ಯುದ್ಧ ಗೆದ್ದವರು ಬಂದು ಏನು ಕಲಿಸಿಯಾರು?

ಅಂದು ಮನೆಗೆ ಬಂದ ಅತ್ತೆ ಹೊಸ ಉಪಾಯ ಹೂಡಿದರು. ನಮ್ಮ ಕಡೆ ಒಂದು ರೂಢಿ. ಹುಟ್ಟುಹಬ್ಬದ ಫ್ಲೆಕ್ಸನ್ನು ಯಾರು ಬೇಕಾದರೂ ಬಿಚ್ಚಿಕೊಂಡು ಹೋಗಿ ಕಣದಲ್ಲಿ ಅಡಿಕೆಗೆ ಹಾಸುತ್ತಾರೆ, ದನದ ಕೊಟ್ಟಿಗೆಗೆ ಹೊದಿಸುತ್ತಾರೆ. ಸತ್ತವರ ಶ್ರದ್ಧಾಂಜಲಿ ಫ್ಲೆಕ್ಸನ್ನು ಮಾತ್ರ ಯಾವ ಗಂಡೆದೆಯವನೂ ಮುಟ್ಟುವುದಿಲ್ಲ. ಗಾಳಿಗೆ ತಾನಾಗಿ ಬೀಳಬೇಕು, ಅಲ್ಲಿಯವರೆಗೆ ಅದು ಅಲ್ಲಿಯೇ.

ಅತ್ತೆ ನನ್ನನ್ನು ಕರೆದುಕೊಂಡು ಚನ್ನಗಿರಿಯ ಫ್ಲೆಕ್ಸ್ ಅಂಗಡಿಗೆ ನಡೆದರು. ಅಂಗಡಿಯವನು ದನಿ ತಗ್ಗಿಸಿ, "ತೀರ್ಕಂಡೋರ ಫೋಟೋ ಕೊಡ್ರಿ ಅಮ್ಮಾ" ಎಂದ. ಕೊಟ್ಟರು.

"ಇದು ಬಾಗ್ಲಲ್ರೀ?"

"ಹ್ಞೂಂ. ಅದೇ ತೀರ್ಕಂಡಿರೋದು."

'ಭಾವಪೂರ್ಣ ಶ್ರದ್ಧಾಂಜಲಿ. ನಮ್ಮನ್ನಗಲಿದ ಹೆಂಗಸರ ಶೌಚಾಲಯ. ಉದ್ಘಾಟನೆಯ ದಿನವೇ ದೈವಾಧೀನ. ದುಃಖತಪ್ತರು: ಬಸ್ಸಿಗೆ ಕಾಯುವ ಸಮಸ್ತ ಹೆಂಗಸರು.' ಅತ್ತೆ ಅದನ್ನು ಬೀಗದ ಪಕ್ಕದಲ್ಲೇ ಕಟ್ಟಿಸಿದರು. ಬೆಳಗಾಗುವಷ್ಟರಲ್ಲಿ ಯಾರೋ ಹೂವಿನ ಹಾರ ಹಾಕಿದ್ದರು, ಯಾರೋ ಊದುಬತ್ತಿ ಸಿಕ್ಕಿಸಿದ್ದರು. ಓದು ಬಾರದ ಒಬ್ಬ ಅಜ್ಜಿ "ಯಾರ ಮನೆ ಮಗನೋ ಪಾಪ" ಎಂದು ಕಣ್ಣೊರೆಸಿಕೊಂಡರಂತೆ. ಬಾಗಿಲಿನ ಫೋಟೋ ನೋಡಿ ಹಾಗೇಕೆ ಅಂದುಕೊಂಡರೋ, ಅವರ ಕಣ್ಣಿನ ಪೊರೆಯೇ ಬಲ್ಲದು.

ಅಣ್ಣನ ಹುಡುಗರು ಬಂದರು, ನೋಡಿದರು, ತಲೆ ಕೆರೆದುಕೊಂಡು ಹೋದರು. ಕೊನೆಗೆ ಅಣ್ಣನೇ ಬಂದ. ಅವನ ಹುಟ್ಟುಹಬ್ಬ ಹತ್ತಿರದಲ್ಲಿತ್ತು, ಅವನ ದೊಡ್ಡ ಫ್ಲೆಕ್ಸ್ ಬೀಳಬೇಕಾದ ಜಾಗ ಅದೇ.

"ಏನ್ರೀ ಟೀಚರಮ್ಮ, ಅಪಶಕುನ. ತೆಗೆಸ್ರಿ."

"ನಿನ್ನ ಹುಡುಗ್ರ ಕೈಲಿ ನೀನೇ ತೆಗೆಸಪ್ಪ."

"ಸತ್ತೋರ ಫ್ಲೆಕ್ಸ್ ಮುಟ್ಟಾಕೆ ಯಾವನೂ ಒಪ್ತಿಲ್ಲ."

"ಹಂಗಾರೆ ಸತ್ತೋರನ್ನ ಎಬ್ಬಿಸು. ಬೀಗದ ಕೈ ನಿನ್ನ ಹತ್ರ ಐತೆ."

ಎಬ್ಬಿಸಿದ! ಕುರ್ಚಿ, ಗಳ, ಚೌಕಟ್ಟು ಎಲ್ಲ ಹೊರಗೆ ಬಂದವು. ನಲ್ಲಿಯನ್ನೂ ಹಾಕಿಸಿದ. ಸತ್ತದ್ದು ಎದ್ದ ಮೇಲೆ ಶ್ರದ್ಧಾಂಜಲಿಯನ್ನು ಅತ್ತೆಯೇ ಬಿಚ್ಚಿಸಿದರು. ಎರಡನೇ ಸಲ ರಿಬ್ಬನ್ ಕತ್ತರಿಸಿದ್ದೂ ಅವನೇ, 'ಮಹಿಳೆಯರ ಕಣ್ಣೀರು ಒರೆಸಿದ ಅಣ್ಣ' ಎಂದು ಫ್ಲೆಕ್ಸ್ ಬಂದದ್ದೂ ಅವನದೇ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ತಣ್ಣಗೆ ಒಳಗೆ ಹೋಗಿ ಬಂದು, "ನೀರು ಬರ್ತೈತೆ ಕಣೋ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಬಾಟಲಿ ಕಿತ್ತುಕೊಂಡು, ಬಸ್ ಸ್ಟ್ಯಾಂಡಿನ ನಟ್ಟನಡುವೆ ನಿಂತು, ಹೊಟ್ಟೆ ತುಂಬ ನೀರು ಕುಡಿದರು. ಅವರು ಮನೆಯ ಹೊರಗೆ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ತಡವಾಗಿತ್ತು, ಅತ್ತೆಯ ಕಿಡ್ನಿ ಆಗಲೇ ಕೆಟ್ಟಿತ್ತು. ದಾವಣಗೆರೆಯ ಡಾಕ್ಟರು ರಿಪೋರ್ಟು ನೋಡಿ, "ವರ್ಷಗಟ್ಟಲೆ ಸರಿಯಾಗಿ ನೀರೇ ಕುಡಿದಿಲ್ಲವಲ್ಲಮ್ಮ, ಯಾಕೆ?" ಎಂದು ಗದರಿದರು. ಯಾಕಂತೆ! ಅತ್ತೆ ನಕ್ಕರು. ಮುಂದಿನ ಮಳೆಗಾಲ ನೋಡಲಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಅಣ್ಣನ ಕಡೆಯಿಂದ ಅತ್ತೆಗೆ ಶ್ರದ್ಧಾಂಜಲಿ ಫ್ಲೆಕ್ಸ್! ಅಣ್ಣನ ಫೋಟೋ ಆಳೆತ್ತರ, ಅತ್ತೆಯದು ಅಂಗೈಯಗಲ. ಸತ್ತವರು ಯಾರು ಎಂದು ತಿಳಿಯಲು ಎರಡೆರಡು ಸಲ ನೋಡಬೇಕು. ಕಟ್ಟಿದ್ದೆಲ್ಲಿ ಅಂತೀರಿ? ಶೌಚಾಲಯದ ಬಾಗಿಲಿಗೇ ಅಡ್ಡಲಾಗಿ. ಬಿಚ್ಚುವಂತಿಲ್ಲ, ಸತ್ತವರದು. ಬದುಕಿದ್ದಾಗ ಬೀಗ ಬಿಡಿಸಿದವರನ್ನು ಸತ್ತ ಮೇಲೆ ಬೀಗ ಮಾಡಿಬಿಟ್ಟಿದ್ದರು. ರೂಢಿ ಹಾಳುಬಿದ್ದು ಹೋಗಲಿ, ಮನೆಯಿಂದ ಕುಡುಗೋಲು ತಂದು ಹರಿದೇ ಬಿಡುತ್ತೇನೆ ಎಂದು ಹಿಂದಕ್ಕೆ ತಿರುಗಿದೆ.

ಅಷ್ಟರಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಫ್ಲೆಕ್ಸಿನ ಹತ್ತಿರ ಬಂದಳು. ಅಷ್ಟು ದೊಡ್ಡ ಅಣ್ಣನನ್ನು ಅವಳು ನೋಡಲೇ ಇಲ್ಲ. ಮೂಲೆಯಲ್ಲಿದ್ದ ಅಂಗೈಯಗಲದ ಮುಖಕ್ಕೆ ಕೈಮುಗಿದು, "ಟೀಚರಮ್ಮಾ, ಒಂಚೂರು ಸರ್ಕಳ್ರಿ, ಒಳಗೋಗಿ ಬರ್ತೀನಿ" ಎಂದಳು. ಪರದೆ ಎತ್ತಿದ ಹಾಗೆ ಫ್ಲೆಕ್ಸಿನ ಅಂಚು ಎತ್ತಿ, ಬಗ್ಗಿ ಒಳಗೆ ಹೋದಳು. ಅವಳ ಹಿಂದೆ ಇನ್ನಿಬ್ಬರು, "ನಾವೂನು, ಟೀಚರಮ್ಮಾ" ಎಂದು ಕಾಯುತ್ತಾ ನಿಂತರು.

ಹೊರಗೆ ಬಂದವಳು ಅಂಚನ್ನು ಎಳೆದು ಸರಿಮಾಡಿದಳು, ಅತ್ತೆಯ ಮುಖದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಬಸ್ಸು ಬಂದು ನಿಂತಿತ್ತು. ಬುಟ್ಟಿ ಎತ್ತುವ ಮೊದಲು ಸೊಂಟದ ಬಾಟಲಿ ತೆಗೆದು, ಮುಂದೆ ದೂರದ ದಾರಿ ಇದ್ದರೂ, ಗಟಗಟ ನೀರು ಕುಡಿದಳು. ನಾನು ಕುಡುಗೋಲಿಗೆ ಹೋಗದೆ ಅಲ್ಲೇ ನಿಂತು ಅತ್ತುಬಿಟ್ಟೆ.