ಬೀಗತಿಯ ಭೇಷ್‌ಗಾಗಿ ಪಣಕ್ಕಿಟ್ಟ ಮೀಸೆ

ಮೂಡಲಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಪರಪ್ಪನಿಗೆ ದೇವರು ಎತ್ತರ ಕೊಡಲಿಲ್ಲ. ತಲೆಗೂದಲು ಕೊಟ್ಟ ಹಾಗೆ ಮಾಡಿ ವಾಪಸು ತಗೊಂಡ. ಮೀಸೆಯ ವಿಷಯದಲ್ಲಿ ಮಾತ್ರ ಕೈಬಿಚ್ಚಿ ಸುರಿದುಬಿಟ್ಟ. ಅದರ ಎರಡೂ ತುದಿಗೆ ಒಂದೊಂದು ಲಿಂಬೆಹಣ್ಣು ನಿಲ್ಲಿಸಬಹುದು ಎಂದು ಊರಲ್ಲಿ ಮಾತಿತ್ತು. (ಇದು ಸುಳ್ಳು. ಒಮ್ಮೆ ಪರೀಕ್ಷೆ ಮಾಡಿದಾಗ ಎಡಗಡೆಯದು ಉರುಳಿ ಸಕ್ಕರೆ ಚೀಲದೊಳಗೆ ಬಿದ್ದಿತ್ತು.) ಇಂಥ ಮೀಸೆಯನ್ನು ಆತ ಒಂದು ಕಾಗದದ ಚಕ್ರಕ್ಕಾಗಿ ಪಣಕ್ಕಿಟ್ಟ ಎಂದರೆ, ಅದರ ಹಿಂದೆ ಒಬ್ಬ ಬೀಗತಿ ಇರಲೇಬೇಕಲ್ಲ?

ಇದ್ದಳು. ಹುಕ್ಕೇರಿ ತಾಲೂಕಿನ ದಡ್ಡಿಯ ಉದ್ದವ್ವ, ಪರಪ್ಪನ ಮಗಳು ನೇತ್ರಾಳ ಅತ್ತೆ. ಈಕೆಯ ಬಾಯಿಂದ ಹೊಗಳಿಕೆಯ ಮಾತು ಬಂದದ್ದನ್ನು ಆ ಊರಿನ ಬಾಜೂ ಹರಿಯುವ ಘಟಪ್ರಭಾ ಹೊಳೆಯೂ ಇದುವರೆಗೆ ಕೇಳಿರಲಿಲ್ಲ. ಮದುವೆಯಲ್ಲಿ ಒಂದು ಗಾಡಿ ಹೋಳಿಗೆ ಉಂಡು, ಕೈ ತೊಳೆಯುತ್ತ, "ಹೂರಣಾ ಇನ್ನೊಂದೀಟು ನುಣ್ಣಗ ಬೇಕಿತ್ತು ನೋಡ್ರಿ" ಅಂದಿದ್ದಳು. ಅದನ್ನಾದರೂ ಪರಪ್ಪ ನುಂಗಿಕೊಂಡ. ಆದರೆ ಮೊದಲ ಸಲ ಮನೆಗೆ ಬಂದಾಗ ಆತನ ಹೊಚ್ಚಹೊಸ ಸಾಗುವಾನಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ ಆಕೆ ಹೇಳಿದ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತ್ತು.

"ಬಾಗಲಾ ಭಾಳ ಬೋಳ ಕಾಣತೈತ್ರಿ ಬೀಗರ. ಏನಾರ ಕಟ್ಟಬೇಕಿತ್ತು."

ಈಗ ಅಳಿಯನ ಮೊದಲ ದೀಪಾವಳಿ. ಪಾಡ್ಯದ ದಿನ ಅಳಿಯ ಶುಭಮ್ ತಾಯಿಯನ್ನೂ ಕರೆದುಕೊಂಡು ಬರುವವನಿದ್ದ. ಮುಂಚೆಯೇ ತವರಿಗೆ ಬಂದಿದ್ದ ನೇತ್ರಾ ಮೊಬೈಲಿನಲ್ಲಿ ಏನೋ ನೋಡುತ್ತ ಕೂತಿದ್ದಳು. ಪರಪ್ಪ ಬಗ್ಗಿ ನೋಡಿದ. ಯಾವುದೋ ದೇಶದ ಹೆಣ್ಣುಮಗಳು ರದ್ದಿ ಕಾಗದದಿಂದ ಹೂವು ಮಾಡಿ, ರಟ್ಟಿನ ದುಂಡು ಬಳೆಗೆ ಅಂಟಿಸಿ, ಹಬ್ಬಕ್ಕೆಂದು ಬಾಗಿಲಿಗೆ ತೂಗುಹಾಕಿ ನಗುತ್ತಿದ್ದಳು. ಪರಪ್ಪನ ತಲೆಯಲ್ಲಿ ನರಕ ಚತುರ್ದಶಿಯ ಪಟಾಕಿ ಎರಡು ದಿನ ಮುಂಚೆಯೇ ಹಾರಿತು.

"ಸಾತವ್ವಾ! ಏ ಸಾತವ್ವಾ! ಬಾಗಲಕ್ಕ ದ್ವಾರಚಕ್ರಾ ಮಾಡ್ತೇನಿ!"

ಚಕ್ಕುಲಿ ಒತ್ತುತ್ತಿದ್ದ ಹೆಂಡತಿ ಸಾತವ್ವ ಅಡುಗೆಮನೆಯಿಂದಲೇ ಕುತ್ತಿಗೆ ಚಾಚಿ ಮೊಬೈಲು ನೋಡಿದಳು.

"ಇದು ಸಿಂಬಿ ಅಲ್ರಿ? ತಲಿ ಮ್ಯಾಲ ಇಟ್ಟು ಕೊಡಾ ಹೊರೋದು ನಮ್ಮವ್ವ ಕಲಿಸ್ಯಾಳ. ಬಾಗಲಕ್ಕ ಹಾಕೋದು ನಿಮಗ್ಯಾರು ಕಲಿಸಿದ್ರು?"

"ಕಲಾ ಅಂದ್ರ ಏನಂತ ಗೊತ್ತೈತೇನ ನಿನಗ?"

"ಗೊತ್ತೈತಲ್ರಿ. ಹೋದ ವರ್ಷ ಆಕಾಶಬುಟ್ಟಿ ಮಾಡಿದ್ರಿ. ಮಂದಿ ಅಂಗಡಿ ಮುಂದ ಪಾರಿವಾಳದ ಗೂಡು ಯಾಕ ಕಟ್ಟೀರಿ ಅಂತ ಕೇಳಿದ್ರು."

ಪರಪ್ಪನ ಪೌರುಷ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಿತು. "ಆ ಉದ್ದವ್ವ ನನ್ನ ಕೈಗೆಲಸಾ ನೋಡಿ ಹೊಸ್ತಿಲದಾಗ ನಿಂತು 'ಭೇಷ್' ಅನ್ನಲಿಲ್ಲಂದ್ರ, ಈ ಮೀಸಿ ಬೋಳಿಸ್ತೇನಿ!"

"ಒಂದ ಕಡಿದೋ, ಎರಡೂ ಕಡಿದೋ?"

"ಎರಡೂ!"

"ನೇತ್ರಾ, ಕೇಳಿದೆವ್ವಾ? ನೀನ ಸಾಕ್ಷಿ" ಎಂದು ಸಾತವ್ವ ಮತ್ತೆ ಚಕ್ಕುಲಿಗೆ ತಿರುಗಿದಳು.

ಮನೆಯೊಳಗೆ ಕಾಗದದ ಪ್ರಳಯವಾಯಿತು. ಕರದಂಟಿನ ಡಬ್ಬಿಗಳ ಮಿರಿಮಿರಿ ಕಾಗದ, ಗಣಪತಿ ಮಂಟಪದಲ್ಲಿ ಉಳಿದ ಹಳದಿ ಹಸಿರು ಬಣ್ಣದ ಕಾಗದ, ಸಾಮಾನು ಕಟ್ಟಲು ಇಟ್ಟ ಹಳೇ ಪೇಪರು, ಎಲ್ಲವೂ ಕತ್ತರಿಯ ಬಾಯಿಗೆ ಬಿದ್ದವು. ಖರ್ಚೆಂಬುದು ಶೂನ್ಯ. ರಟ್ಟಿನ ಬಳೆಯೊಂದು ಮಾತ್ರ ಒಲಿಯಲಿಲ್ಲ. ಮೊದಲ ಸಲ ಕತ್ತರಿಸಿದ್ದು ತತ್ತಿಯ ಆಕಾರಕ್ಕೆ ಬಂತು, ಎರಡನೆಯದು ಗೆಣಸಿನ ಆಕಾರಕ್ಕೆ. ಮೂರನೆಯದು ದುಂಡಗೇನೋ ಇತ್ತು, ಹೂವಿನ ಭಾರಕ್ಕೆ ಮುದುಕನ ಹಾಗೆ ಸೊಂಟ ಬಗ್ಗಿಸಿತು.

ಅಷ್ಟರಲ್ಲಿ ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾದು, ತಿರುವಿನಲ್ಲಿ ಒಂದು ಹೊರೆ ಹಸಿರು ಸೋಗೆ ಉದುರಿಸಿ ಹೋಯಿತು. ಇದು ದೈವಸಂಕೇತವಲ್ಲದೆ ಮತ್ತೇನು? ಪರಪ್ಪ ಓಡಿಹೋಗಿ ತಬ್ಬಿಕೊಂಡು ತಂದ. ನಡುನಡುವೆ ಎಳೆಗಬ್ಬಿನ ತುಂಡು ಸೇರಿಸಿ, ಸೋಗೆಯನ್ನು ಹುರಿಗಟ್ಟಿ, ಬಂಡಿಯ ಗಾಲಿಯಂಥ ಚಕ್ರ ಮಾಡಿದ. ಕಬ್ಬು ಒಳಗೆ, ಕಾಗದ ಮೇಲೆ!

ಇನ್ನು ಅಂಟೊಂದು ಬೇಕಿತ್ತು. ಸಾತವ್ವ ಗೋಧಿ ಹಿಟ್ಟು ಕುದಿಸಿ ಕೊಟ್ಟಳು. ಪರಪ್ಪ ಬೆರಳಿಂದ ಮುಟ್ಟಿ ಮೂಗು ಮುರಿದ.

"ಇದು ಹಿಡಿಯಾಂಗಿಲ್ಲ. ಹಳೇ ವಾಡೆ ಕಟ್ಟಿದವರು ಗ್ವಾಡಿ ಸುಣ್ಣದ ಗಾರಿಗೆ ಏನ ಹಾಕ್ತಿದ್ರು ಹೇಳು? ಬೆಲ್ಲಾ! ಇವತ್ತಿಗೂ ಒಂದ ಕಲ್ಲ ಅಳ್ಳಾಡಿಲ್ಲ."

"ನೀವು ಬಾಗಲಕ್ಕ ಹೂವಾ ಅಂಟಸ್ತೀರೋ, ಕೋಟಿ ಕಟ್ಟತೀರೋ?"

ಪರಪ್ಪ ಅಂಗಡಿಯಿಂದ ಮೊಲದ ಗಾತ್ರದ ಬೆಲ್ಲದ ಹೆಂಟೆ ತಂದು ಅಂಟಿನಲ್ಲಿ ಮುಳುಗಿಸಿದ. ಆಮೇಲೆ ಒಂದೊಂದೇ ಹೂವು ಅಂಟಿಸುತ್ತ ಹೋದ. ಒಂದು ಹೂವು ಅಂಟಿತೆಂದರೆ ಒಮ್ಮೆ ಮೀಸೆ ತಿರುವುವುದು, ಮತ್ತೊಂದು ಹೂವು, ಮತ್ತೊಮ್ಮೆ ಮೀಸೆ. ಕೈ ತೊಳೆಯುವಷ್ಟು ಪುರಸೊತ್ತು ಕಲಾವಿದರಿಗೆ ಎಲ್ಲಿರುತ್ತದೆ?

ಅಮಾವಾಸ್ಯೆಯ ಸಂಜೆಗೆ ಚಕ್ರ ಸಿದ್ಧವಾಯಿತು. ಮೀಸೆಯೂ ಸಿದ್ಧವಾಗಿತ್ತು. ಕಬ್ಬಿಣದ ಸಲಾಕೆಯಂತೆ ಸೆಟೆದು ನಿಂತಿತ್ತು, ಎಡ ತುದಿಯಲ್ಲಿ ಒಂದು ಹಳದಿ ಕಾಗದದ ಎಸಳು ಬೇರೆ. ನೇತ್ರಾ ಬಿಸಿನೀರು ಹಚ್ಚಿದಳು, ಸಾತವ್ವ ಕೊಬ್ಬರಿ ಎಣ್ಣೆ ಸುರಿದಳು. ಎಸಳು ಜಪ್ಪಯ್ಯ ಅನ್ನಲಿಲ್ಲ.

"ಎಳೀಬ್ಯಾಡ್ರಿ, ಜೀವಾ ಹೋಗತೈತಿ!" ಎಂದು ಪರಪ್ಪ ಒದರಿದ. ನೋವಿನ ನಡುವೆಯೂ ಆತನಿಗೆ ಒಂದು ಆಸೆ ಹುಟ್ಟಿತು. ಲಿಂಬೆಹಣ್ಣು ತರಿಸಿದ. ಎರಡೂ ಕಡೆ ಇಟ್ಟ. ನಿಂತವು! ಊರ ಮಾತು ಕಡೆಗೂ ಖರೆ ಆಯಿತು.

ಪಾಡ್ಯದ ಬೆಳಿಗ್ಗೆ ಬಾಗಿಲಲ್ಲಿ ದ್ವಾರಚಕ್ರ ಥಳಥಳಿಸುತ್ತಿತ್ತು. ಓಣಿಯ ಮಂದಿ ಬಂದು ನೋಡಿ ಹೋದರು. ಗೋಕಾಕ ಕಡೆಯಿಂದ ಬಂದ ಗಾಡಿಯಿಂದ ಅಳಿಯ ಇಳಿದ, ಅವನ ಹಿಂದೆ ಉದ್ದವ್ವ. ಸಾತವ್ವ ಕಾಲಿಗೆ ನೀರು ಕೊಟ್ಟಳು. ಉದ್ದವ್ವ ಹೊಸ್ತಿಲ ಮುಂದೆ ನಿಂತು ತಲೆ ಎತ್ತಿದಳು. ಆಕೆ ಕನ್ನಡಕ ಏರಿಸಿದಳು. ಹತ್ತಿರ ಹೋದಳು. ಮೂಸಿದಳು.

"ಇರವಿ ಹತ್ಯಾವಲ್ರಿ ಬೀಗರ" ಎಂದು ಒಳಗೆ ನಡೆದಳು.

ಅಷ್ಟೇ! ಪರಪ್ಪ ನೋಡಿದರೆ, ಬೆಲ್ಲದ ವಾಸನೆ ಹಿಡಿದು ಮೂಡಲಗಿಯ ಸಮಸ್ತ ಇರುವೆಗಳೂ ಸಹಕುಟುಂಬ ಸಪರಿವಾರ ಹಬ್ಬಕ್ಕೆ ಆಗಮಿಸಿದ್ದವು. ಸಾತವ್ವ ಗಂಡನ ಕಿವಿಯಲ್ಲಿ ಮೆಲ್ಲಗೆ, "ಕಟಿಂಗ್ ಅಂಗಡಿ ಇವತ್ತ ತಗದಿರತೈತೇನ್ರಿ?" ಅಂದಳು.

ಅಷ್ಟರಲ್ಲಿ ಹಲಗೆ ಬಾರಿಸುವ ಸದ್ದು ಕೇಳಿತು. ಪಾಡ್ಯಕ್ಕೆ ಎಮ್ಮೆಗಳನ್ನು ಸಿಂಗರಿಸಿ ಬೇಕಾದವರ ಮನೆಮನೆಗೆ ಕರೆತಂದು ಆರತಿ ಮಾಡಿಸುವುದು ಈ ಕಡೆಯ ರೂಢಿ. ಪಕ್ಕದ ಓಣಿಯ ಯಲ್ಲಾರಿ ತನ್ನ ಎಮ್ಮೆಯ ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ, ಮದುಮಗಳ ಹಾಗೆ ನಡೆಸಿಕೊಂಡು ಬಂದ.

"ಕಾಕೂ, ಆರತಿ ತಗೊಂಡು ಬರ್ರಿ! ಬೆಳಗಿನಿಂದ ಬರೇ ದೀಪಾ ನೋಡಿ ನೋಡಿ ನಮ್ಮ ಎಮ್ಮಿಗೆ ಹಸಿವ್ಯಾಗೈತಿ!"

ಸಾತವ್ವ ಆರತಿ ಎತ್ತಿದಳು. ಎಮ್ಮೆ ಆರತಿಯ ಕಡೆ ನೋಡಲೂ ಇಲ್ಲ. ಮೂಗು ಅರಳಿಸಿತು. ಒಂದು ಹೆಜ್ಜೆ ಮುಂದಿಟ್ಟಿತು. ಕುತ್ತಿಗೆ ನೀಡಿ, ದ್ವಾರಚಕ್ರಕ್ಕೆ ಬಾಯಿ ಹಾಕಿತು.

"ಹೇ! ಹೇ! ಬಿಡ! ಅದು ಕಲಾ ಐತಿ!" ಎಂದು ಪರಪ್ಪ ಇನ್ನೊಂದು ಕಡೆ ಹಿಡಿದು ಜಗ್ಗಿದ. ಅತ್ತ ಎಮ್ಮೆ, ಇತ್ತ ಪರಪ್ಪ. ಅಂಥ ಹಗ್ಗಜಗ್ಗಾಟವನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಕಂಡಿರಲಿಲ್ಲ. ಯಲ್ಲಾರಿ ಹಗ್ಗ ಎಳೆದು, "ಕಾಕಾ, ಅದರ ಬಾಯಾಗ ಕಬ್ಬು ಬಿದ್ದ ಮ್ಯಾಲ ನನ್ನ ಮಾತೂ ಕೇಳಾಂಗಿಲ್ಲ, ಬಿಟ್ಟಬಿಡ್ರಿ!" ಎಂದು ಕೂಗಿದ. ಪರಪ್ಪ ಬಿಡಲಿಲ್ಲ. ಕೈಯೇ ಜಾರಿ ರಂಗೋಲಿಯ ಮೇಲೆ ಕೂತ. ಎಮ್ಮೆ ಕಣ್ಣುಮುಚ್ಚಿ ಕರಕರ ಅಗಿಯಿತು. ಕಬ್ಬಿನ ಜೊತೆ ಹಳೇ ಪೇಪರಿನ ಹೂವುಗಳೂ ಹೋದವು. ಅವುಗಳಲ್ಲಿದ್ದ ಪುಢಾರಿಗಳ ಭಾಷಣವನ್ನು ಮನುಷ್ಯರಿಗಿಂತ ಸರಳವಾಗಿ ಅದು ಜೀರ್ಣಿಸಿಕೊಂಡಿತು.

ಗದ್ದಲ ಕೇಳಿ ಉದ್ದವ್ವ ಹೊರಗೆ ಬಂದಳು. ಹೊಸ್ತಿಲಲ್ಲಿ ನಿಂತು ಎಮ್ಮೆಯನ್ನು ನೋಡಿದಳು, ಖಾಲಿ ಬಾಗಿಲನ್ನು ನೋಡಿದಳು. ಆಕೆಯ ಮುಖದಲ್ಲಿ ಎಂದೂ ಇಲ್ಲದ ಕಳೆ ಬಂತು.

"ಭೇಷ್!"

ಪರಪ್ಪ ರಂಗೋಲಿಯ ಮೇಲೆ ಕೂತಲ್ಲಿಂದಲೇ ತಲೆ ಎತ್ತಿದ.

"ಭೇಷ್ ರೀ ಬೀಗರ! ನನಗ ಮೊದಲ ತಿಳೀಲಿಲ್ಲ ನೋಡ್ರಿ. ಪಾಡ್ಯಾದ ದಿನಾ ಎಮ್ಮಿಗೆ ಎಲ್ಲಾರೂ ಆರತಿ ಮಾಡ್ತಾರ, ಅದರ ಹೊಟ್ಟಿ ವಿಚಾರ ಯಾರ ಮಾಡ್ತಾರ? ನೀವು ಬಾಗಲದಾಗ ಕಬ್ಬೂ ಬೆಲ್ಲಾ ಕಟ್ಟಿ, ಅದಕ್ಕ ಬಣ್ಣದ ಅಂಗೀನೂ ತೊಡಿಸೀರಿ! ನಮ್ಮ ದಡ್ಡ್ಯಾಗೂ ಇಂಥಾ ಮರ್ಯಾದಿ ಯಾರೂ ಮಾಡಿಲ್ಲ."

ಪರಪ್ಪನ ಎದೆಯೊಳಗೆ ಕಲಾವಿದ ಒಮ್ಮೆ ನರಳಿದ. ಆದರೆ ಭೇಷ್ ಎಂದರೆ ಭೇಷ್. ಅದು ಕಾಗದಕ್ಕೆ ಬಂತೋ ಮೇವಿಗೆ ಬಂತೋ ಎಂದು ಪಂಚಾಯಿತಿ ಮಾಡುವವರು ಯಾರು?

"ಅದನ್ನ ವಿಚಾರ ಮಾಡೇ ಕಟ್ಟಿದ್ನಿರಿ" ಎಂದು ಧೂಳು ಕೊಡವಿಕೊಂಡು ಎದ್ದ. ಎಮ್ಮೆಯ ಬಾಜೂ ನಿಂತು, ಅದರ ಕುತ್ತಿಗೆಯ ಮೇಲೆ ಕೈ ಹಾಕಿ, ಸಾತವ್ವನ ಕಡೆ ತಿರುಗಿ, ಎದೆಯುಬ್ಬಿಸಿ, ಗೆದ್ದ ಮೀಸೆಯನ್ನು ಒಮ್ಮೆ ಗತ್ತಿನಿಂದ ತಿರುವಿದ.

ಎಡ ತುದಿಯ ಹಳದಿ ಎಸಳು ಗಾಳಿಯಲ್ಲಿ ಅಲ್ಲಾಡಿತು.

ತುಟಿ ಸವರಿಕೊಳ್ಳುತ್ತಿದ್ದ ಎಮ್ಮೆ ಅದನ್ನು ಕಂಡಿತು.

ಮುಂದಿನದನ್ನು ವಿವರಿಸಲು ಮನಸ್ಸು ಬಾರದು. ಪರಪ್ಪನ ಕೂಗು ಘಟಪ್ರಭಾ ಸ್ಟೇಷನ್ನಿಗೆ ಕೇಳಿಸಿ, ನಿಂತಿದ್ದ ರೈಲು ಹೊರಟುಬಿಟ್ಟಿತಂತೆ. ಬೆಲ್ಲದ ಗಾರೆಯ ಬಿಗಿ ಎಂಥದೆಂದು ಅಂದು ಸಾಬೀತಾಯಿತು. ಎಸಳು ಮೀಸೆಯನ್ನು ಬಿಡಲಿಲ್ಲ, ಮೀಸೆಯೇ ಪರಪ್ಪನನ್ನು ಬಿಟ್ಟು ಎಸಳಿನ ಜೊತೆ ಹೋಯಿತು.

ಅರ್ಧ ಮೀಸೆ ಹೊತ್ತು ಅಳಿಯನ ಪಂಕ್ತಿಯಲ್ಲಿ ಕೂರುವುದು ಹೇಗೆ? ಪರಪ್ಪ ಬಚ್ಚಲಿಗೆ ಹೋಗಿ, ಉಳಿದ ಅರ್ಧವನ್ನೂ ಕಣ್ಣುಮುಚ್ಚಿಕೊಂಡು ತಾನೇ ಬೋಳಿಸಿದ. ಬಾಯಿಗೆ ಟವೆಲು ಅಡ್ಡ ಹಿಡಿದು ಬಂದು ಊಟಕ್ಕೆ ಕೂತ. ಸಾತವ್ವ ಹೋಳಿಗೆ ಬಡಿಸುತ್ತ ತುಟಿ ಕಚ್ಚಿ ನಗು ತಡೆದಳು.

"ಪಣಾ ನಾನ ಗೆದ್ದೇನಿ, ಗೊತ್ತಿರಲಿ" ಎಂದು ಆತ ಪಿಸುಗುಟ್ಟಿದ.

"ಖರೇರಿ. ಈಗ ಟವೆಲ್ ತಗದು ಉಣ್ರಿ" ಎಂದಳು ಆಕೆ.

ಆತ ಟವೆಲು ತೆಗೆದ. ಎದುರಿಗೆ ಕೂತಿದ್ದ ಉದ್ದವ್ವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದಳು. ಕನ್ನಡಕ ಏರಿಸಿದಳು. ಪರಪ್ಪನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ಮಾರಿ ಭಾಳ ಬೋಳ ಕಾಣತೈತ್ರಿ ಬೀಗರ. ಏನಾರ ಕಟ್ಟಬೇಕಿತ್ತು."