ಡಸ್ಟ್ ಕಲೆಕ್ಟರಿನ ಹನ್ನೆರಡನೆಯ ದೋಷ

ಕ್ರಮವಾಗಿ ಹುಡುಕಿದರೆ ಸಿಗದ ದೋಷವಿಲ್ಲ ಎಂಬುದು ನನ್ನ ನಂಬಿಕೆ. ಬೋರ್ಡಿಂಗ್ ಶಾಲೆಯಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವನು ನಾನು. ಎಪ್ಪತ್ತೊಂದರ ಈ ವಯಸ್ಸಿನಲ್ಲೂ ನಿಪ್ಪಾಣಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸಂಜೆ ಐದೂವರೆಯಿಂದ ಆರೂವರೆಯವರೆಗೆ ಮರಗೆಲಸ ಮಾಡುತ್ತೇನೆ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮರದ ಪುಡಿಗೆ ಹೆಂಡತಿ ಮಾಲತಿ ಕೆಮ್ಮುತ್ತಾಳೆಂದು, ಪುಡಿಯನ್ನು ಎಳೆದು ಚೀಲಕ್ಕೆ ತುಂಬುವ ಡಸ್ಟ್ ಕಲೆಕ್ಟರ್ ತಂದೆ. ಮೊದಮೊದಲು ಗುಂಯ್ ಎನ್ನುತ್ತಿತ್ತು. ಆಮೇಲೆ ಊಳಿಡತೊಡಗಿತು.

ಗೋಡೆಯಾಚೆಯ ಪದ್ಮಕ್ಕ ದಿನಾ ಆರಕ್ಕೆ ಸಾಮಾಯಿಕಕ್ಕೆ ಕೂಡುತ್ತಾರೆ. ನಲವತ್ತೆಂಟು ನಿಮಿಷ ಮಾತಿಲ್ಲ, ಅಲುಗಾಟವಿಲ್ಲ, ಬರೀ ಧ್ಯಾನ.

"ಅಣ್ಣಾ, ಕಣ್ಣ ಮುಚ್ಚಿದ್ರ ದೇವರ ಬದ್ಲಿ ನಿಮ್ಮ ಮಷಿನ್ ಕಾಣಸ್ತೈತಿ," ಎಂದರು.

ಮಾಲತಿ ತೀರ್ಪು ಕೊಟ್ಟಳು. "ರವಿವಾರದೊಳಗ ಸಪ್ಪಳ ನಿಲ್ಲಬೇಕ. ಇಲ್ಲಂದ್ರ ಶೆಡ್ಡಿಗೆ ಕೀಲಿ ಹಾಕ್ತೀನಿ. ಇಲ್ಲಾ, ನಿಮ್ಮ ಟೈಮಾದ್ರೂ ಬದ್ಲಿ ಮಾಡ್ರಿ."

"ಟೈಮ್ ಬದಲಾಗೂದಿಲ್ಲ," ಎಂದೆ.

ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಂಭವನೀಯ ದೋಷಗಳ ಪಟ್ಟಿ ಮಾಡಿದೆ. ಬುಧವಾರ ಬೋಲ್ಟುಗಳನ್ನೆಲ್ಲ ಬಿಗಿದೆ. ಊಳು ಇನ್ನೊಂದು ಸ್ವರ ಮೇಲೇರಿತು. ಗುರುವಾರ ಕಾಲುಗಳ ಕೆಳಗೆ ರಬ್ಬರ್ ಇಟ್ಟೆ. ಯಂತ್ರ ಕುಣಿಯುತ್ತ ಬಾಗಿಲವರೆಗೆ ನಡೆದು ಬಂತು. ಶುಕ್ರವಾರ ಫ್ಯಾನ್ ಬಿಚ್ಚಿ, ಒರೆಸಿ, ಮರಳಿ ಜೋಡಿಸಿದೆ. ಎಲ್ಲವನ್ನೂ ಬಿಗಿದೆ, ಚೀಲದ ಪಟ್ಟಿಯೊಂದನ್ನು ಬಿಟ್ಟು. ಸ್ವಿಚ್ ಒತ್ತಿದೊಡನೆ ಚೀಲ ಹಾರಿತು. ಅದರಲ್ಲಿದ್ದ ಸಾಗವಾನಿ ಪುಡಿ ಗೋಡೆ ದಾಟಿ, ಪದ್ಮಕ್ಕ ಒಣಹಾಕಿದ್ದ ಸಂಡಿಗೆಯ ಮೇಲೆ ಹರಡಿತು. ಎಲ್ಲ ಸಂಡಿಗೆಗಳ ಮೇಲೂ ಸಮನಾಗಿ ಹರಡಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ.

ಶನಿವಾರ ಕುಡಚಿಯಿಂದ ದಸ್ತಗೀರನನ್ನು ಕರೆಸಿದೆ. ಮೋಟಾರು ರಿಪೇರಿಯಲ್ಲಿ ತಲೆ ಹಣ್ಣಾದವನು. ನನ್ನ ಪಟ್ಟಿಯನ್ನು ಅವನ ಮುಂದೆ ಹಿಡಿದೆ. ಅವನು ಓದಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಬಂದು ನಿಂತ. ಅದಕ್ಕೆ ಗಾಳಿ ಎಳೆಯುವ ಬಾಯಿಗಳು ಎರಡು. ಒಂದಕ್ಕೆ ಗರಗಸದಿಂದ ಬರುವ ಪೈಪು, ಇನ್ನೊಂದಕ್ಕೆ ನಾನು ಕಟ್ಟಿದ್ದ ಬಟ್ಟೆ.

"ಕಾಕಾ, ಈ ಎರಡನೇದಕ್ಕ ಅರಿವಿ ಯಾಕ ಕಟ್ಟೀರಿ?"

"ಪತಂಗ ಒಳಗ ಹೋಗೂದ ಕಂಡೆ. ಜೀವಹಿಂಸಾ ಆಗಬಾರದಂತ ಕಟ್ಟೇನಿ. ನೀರ ಸೋಸೂ ಅರಿವಿ, ಎರಡ ಮಡಿಕಿ."

"ಯಾವಾಗ ಕಟ್ಟಿದ್ರಿ?"

"ಹತ್ತನೇ ತಾರೀಖ."

"ಸಪ್ಪಳ ಯಾವಾಗ ಸುರು ಆತ್ರಿ?"

ನೋಟ್‌ಬುಕ್ ತೆರೆದೆ. ಹತ್ತನೇ ತಾರೀಖು. ದುಂಡನೆಯ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದಿದ್ದೆ.

ದಸ್ತಗೀರ ಆ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸ್ವಿಚ್ ಒತ್ತಿದ. ಊಳು ಇರಲಿಲ್ಲ.

"ಆದರ ಬಾಯಿ ತೆರೆದ ಬಿಡೂದಿಲ್ಲ," ಎಂದೆ. "ಶೆಡ್ಡಿಗೆ ಕೀಲಿ ಬಿದ್ದರೂ ಅಡ್ಡಿಯಿಲ್ಲ."

"ತೆರೆದ ಯಾಕ ಬಿಡ್ತೀರಿ? ಮಷಿನ್ ಜೋಡಿ ಒಂದ ಮುಚ್ಚಳ ಬಂದಿರತೈತಿ."

ಬಂದಿತ್ತು. ಕಪಾಟಿನ ಮೂರನೆಯ ಖಾನೆಯಲ್ಲಿ ಡಬ್ಬಿಯೊಳಗೆ ಭದ್ರವಾಗಿತ್ತು. ಡಬ್ಬಿಯ ಮೇಲೆ ನಾನೇ ಚೀಟಿ ಅಂಟಿಸಿದ್ದೆ: "ಮುಚ್ಚಳ. ಯಾವುದರದ್ದೋ ತಿಳಿಯದು."

ರವಿವಾರ ಮುಚ್ಚಳ ಹಾಕಿ ಯಂತ್ರ ನಡೆಸಿದೆ. ಬೆಕ್ಕು ಮಲಗಿದಷ್ಟೇ ಸದ್ದು. ಆದರೂ ಪರೀಕ್ಷೆಯಾಗದ ಕೆಲಸ ಪೂರ್ಣವಲ್ಲ. ಆರು ದಾಟಿದ ಮೇಲೆ ಗೋಡೆಯ ಬಳಿ ನಿಂತು ಕೂಗಿದೆ.

"ಪದ್ಮಕ್ಕಾ, ಸಪ್ಪಳ ಕೇಳಸ್ತೈತೇನ್ರಿ?"

ಇನ್ನೊಮ್ಮೆ ಕೂಗಿದೆ. ಮೂರನೆಯ ಸಲ ಸ್ಟೂಲಿನ ಮೇಲೆ ಹತ್ತಿ ಕೂಗಿದೆ.

ಆರು ನಲವತ್ತೆಂಟಕ್ಕೆ ಸರಿಯಾಗಿ ಪದ್ಮಕ್ಕ ಹೊರಗೆ ಬಂದರು. "ಮಷಿನ್ ಸಪ್ಪಳ ಒಂದೀಟೂ ಬರಲಿಲ್ಲ, ಅಣ್ಣಾ. ನಿಮ್ಮದು ಮೂರ ಸರ್ತಿ ಬಂತು."

ಶೆಡ್ಡಿಗೆ ಕೀಲಿ ಬೀಳಲಿಲ್ಲ. ಟೈಮೂ ಬದಲಾಗಿಲ್ಲ. ಮಾಲತಿ ಮಾತ್ರ ನನ್ನ ನೋಟ್‌ಬುಕ್ ಎಳೆದುಕೊಂಡು, ಹನ್ನೊಂದು ದೋಷಗಳ ಕೆಳಗೆ ಹನ್ನೆರಡನೆಯದನ್ನು ಬರೆದಳು: "ನಮ್ಮ ಮನೆಯವರು."

ನಾನು ಒಪ್ಪಲಿಲ್ಲ. ಅದರ ಮುಂದೆ ಸಮಯ ನಮೂದಿಸಿರಲಿಲ್ಲ. ಪೆನ್ನು ತೆಗೆದುಕೊಂಡು ಮೂರೂ ಕೂಗಿನ ಸಮಯವನ್ನು ನಾನೇ ಸೇರಿಸಿದೆ: ಆರು ಐದು, ಆರು ಆರು, ಆರು ಏಳು.