ಇಳಿಯದ ಇನ್ನೂರು

ಸಿಂಗಟಗೆರೆಯ ತೀರ್ಥೇಶನಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಅವಳು ಯಂತ್ರವನ್ನು ನಂಬುವುದಿಲ್ಲ. ಮುರುಡೇಶ್ವರಕ್ಕೆ ಟೂರ್ ಹೋದಾಗ ಅವನು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಎದ್ದಿದ್ದ. ಅಂದಿನಿಂದ ತೆಂಗಿಗೆ ನೀರು ಬಿಡುವಾಗಲೂ ಕಣ್ಣೆದುರು ಬಣ್ಣದ ಮೀನುಗಳೇ ತೇಲುತ್ತಿದ್ದವು. ಡೈವ್ ಕಂಪ್ಯೂಟರ್ ಎಂಬ ದಪ್ಪ ಗಡಿಯಾರವನ್ನೂ ತರಿಸಿದ್ದ. ಅದರ ಜೊತೆ ಬಂದ ಬೆರಳುದ್ದದ ತುಂಡನ್ನು ಸಿಲಿಂಡರಿನ ತಲೆಗೆ ಸಿಗಿಸಿದರೆ, ಒಳಗೆ ಎಷ್ಟು ಗಾಳಿ ಉಳಿದಿದೆ ಎಂಬ ಅಂಕಿ ಮಣಿಕಟ್ಟಿನ ಮೇಲೆ ಮೂಡುತ್ತಿತ್ತು.

ಮತ್ತೆ ಸಮುದ್ರಕ್ಕೆ ಹೋಗುತ್ತೇನೆಂದರೆ ಹೇಮಶ್ರೀ ಒಪ್ಪಲಿಲ್ಲ. ಅಡುಗೆ ಗ್ಯಾಸ್ ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಗಿಯುವ ದಿನವನ್ನು ಕರಾರುವಾಕ್ಕಾಗಿ ಹೇಳುವ ಹೆಂಗಸು ಅವಳು. (ಹೋದ ಯುಗಾದಿಗೆ ತೀರ್ಥೇಶ ಮೂಲೆಯಲ್ಲಿದ್ದ ಸ್ಪೇರ್ ಸಿಲಿಂಡರನ್ನು ಎತ್ತಿ ನೋಡಿ ಗ್ಯಾಸ್ ಫುಲ್ ಎಂದು ಘೋಷಿಸಿದ್ದ. ಹೋಳಿಗೆ ಅರ್ಧ ಬೇಯುವಾಗಲೇ ಒಲೆ ಆರಿತ್ತು.) ಮೊದಲು ನಮ್ಮ ಬಾವಿಯಲ್ಲಿ ಆ ಗಡಿಯಾರದ ಯೋಗ್ಯತೆ ತೋರಿಸಿ, ಆಮೇಲೆ ಸಮುದ್ರ ಎಂದಳು.

ಬಾವಿಗೆ ಬಿದ್ದ ಮೋಟಾರ್ ಎತ್ತಿಕೊಡುವ ಕಡೂರಿನ ಚಂದ್ರಕುಮಾರ್ ಎರಡು ಸಿಲಿಂಡರ್ ತಂದ. ಒಂದನ್ನು ತೀರ್ಥೇಶನ ಬೆನ್ನಿಗೆ ಕಟ್ಟಿ, ಇನ್ನೊಂದನ್ನು ಸ್ಪೇರ್ ಇರಲಿ ಎಂದು ಹಗ್ಗದಲ್ಲಿ ಅವನ ಪಕ್ಕಕ್ಕೇ ಇಳಿಬಿಟ್ಟ. ತುಂಡು ಸಿಗಿಸುವ ಕೆಲಸವನ್ನು ಮಾತ್ರ ತೀರ್ಥೇಶ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಸಿಲಿಂಡರ್ ಮುಕ್ಕಾಲು ಗಂಟೆ ಬರುತ್ತದೆಂದು ಕೇಳಿ ತಿಳಿದುಕೊಂಡ ಹೇಮಶ್ರೀ, ಗಂಡನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು, ಮೊಬೈಲಿನಲ್ಲಿ ಟೈಮ್ ನೋಡುತ್ತ ಕಟ್ಟೆಯ ಮೇಲೆ ಕೂತಳು.

ಕೆಳಗೆಲ್ಲ ಹಸಿರು ಬೆಳಕು. ಕಲ್ಲುಸಂದಿಯ ಪಾಚಿ ನಿದ್ದೆಯಲ್ಲಿದ್ದಂತೆ ತೂಗುತ್ತಿತ್ತು. ಮರಿಮೀನುಗಳು ಬಂದು ಅವನ ಕನ್ನಡಕಕ್ಕೆ ಮುತ್ತಿಟ್ಟು ಹೋದವು. ಗಡಿಯಾರದಲ್ಲಿ ಇನ್ನೂರು, ಅಂದರೆ ಸಿಲಿಂಡರ್ ಫುಲ್. ಎಷ್ಟೋ ಹೊತ್ತಾದ ಮೇಲೂ ಇನ್ನೂರು. ತಾನು ಉಸಿರನ್ನೇ ಗೆದ್ದ ಮಹಾಯೋಗಿಯಿರಬೇಕು ಎಂದುಕೊಂಡು ಅವನಿಗೆ ಬಹಳ ಸುಖವಾಯಿತು.

ಅಷ್ಟರಲ್ಲಿ ಹಗ್ಗ ಜಗ್ಗಿತು. ಯೋಗಿ ಸಿಟ್ಟಿನಿಂದಲೇ ಮೇಲೆ ಬಂದ.

"ನಲವತ್ತು ನಿಮಿಷ ಆಯ್ತು ಕಣ್ರೀ, ಸಾಕು ಬನ್ನಿ."

"ಒಂದು ಚೂರೂ ಖರ್ಚಾಗಿಲ್ಲ ಕಣೇ, ನೋಡಿಲ್ಲಿ," ಎಂದು ಗಡಿಯಾರ ತೋರಿಸಿದ. ಸಾಲದ್ದಕ್ಕೆ ಉಸಿರಿನ ನಳಿಗೆಯನ್ನು ಮತ್ತೆ ಬಾಯಿಗಿಟ್ಟು ಜೋರಾಗಿ ಎಳೆದ. ಎರಡು ಉಸಿರು ಬಂತು. ಮೂರನೆಯದು ಬರಲಿಲ್ಲ.

ಚಂದ್ರಕುಮಾರ್ ಸ್ಪೇರ್ ಸಿಲಿಂಡರನ್ನು ಮೇಲೆಳೆದ. ಅದರ ತಲೆಯ ಮೇಲೆ ಬೆರಳುದ್ದದ ತುಂಡು ಹಾಯಾಗಿ ಕೂತಿತ್ತು. ತೀರ್ಥೇಶ ತನ್ನ ಬೆನ್ನಿನ ಸಿಲಿಂಡರಿನ ತಲೆಯನ್ನು ತಡವಿ ನೋಡಿಕೊಂಡ; ಅಲ್ಲಿ ಏನೂ ಇರಲಿಲ್ಲ.

ಹೇಮಶ್ರೀ ಹಗ್ಗವನ್ನು ಕಟ್ಟೆಯ ಮೇಲಿಟ್ಟಳು. ಅವನ ಗಡಿಯಾರ ಬಿಚ್ಚಿಕೊಂಡು ಹೋಗಿ, ಅಡುಗೆಮನೆಯ ಮೂಲೆಯ ಸ್ಪೇರ್ ಸಿಲಿಂಡರಿನ ಹಿಡಿಗೆ ಕಟ್ಟಿದಳು.

"ತುಂಬಿರೋದನ್ನ ಇದು ನೋಡ್ಕೊಳ್ಳಲಿ," ಎಂದಳು, "ಖರ್ಚಾಗೋದನ್ನ ನಾನು ನೋಡ್ಕೋತೀನಿ."